ಕ್ವಾಂಟ್ ಆಗಬೇಕೆ? ಮೊದಲು ಒಂದು ವೊಲಟಿಲಿಟಿ ರೇಖೆಯನ್ನು ಸರಿಯಾಗಿ ಎಳೆಯಿರಿ

ಕ್ವಾಂಟ್ (ಗಣಿತದಿಂದ ಹಣಕಾಸು ಒಪ್ಪಂದಗಳಿಗೆ ಬೆಲೆ ಕಟ್ಟುವವರು) ಕೆಲಸಕ್ಕೆ ಬರುವ ಅರ್ಜಿಗಳಲ್ಲಿ ಹೆಸ್ಟನ್ ಮಾದರಿ (ವೊಲಟಿಲಿಟಿಯೇ ಏರಿಳಿಯುತ್ತದೆಂದು ಹಿಡಿಯುವ ಬೆಲೆ ಮಾದರಿ), ನ್ಯೂರಲ್ ನೆಟ್‌ವರ್ಕ್ ಎಲ್ಲವೂ ಇರುತ್ತವೆ. ಆದರೆ ಒಂದೇ ಎಕ್ಸ್‌ಪೈರಿಯ ಆಪ್ಷನ್ ಬೆಲೆಗಳನ್ನು ಕೊಟ್ಟು ಇಂಪ್ಲೈಡ್ ವೊಲಟಿಲಿಟಿ ರೇಖೆ ಎಳೆಯಿರಿ ಎಂದರೆ ಗರಗಸದ ಹಲ್ಲಿನಂಥ ಚಿತ್ರ ಬರುತ್ತದೆ. ಆಪ್ಷನ್ ಎಂದರೆ ನಿಗದಿತ ಬೆಲೆಗೆ (ಸ್ಟ್ರೈಕ್) ಕೊಳ್ಳುವ (ಕಾಲ್) ಅಥವಾ ಮಾರುವ (ಪುಟ್) ಹಕ್ಕು, ಅದರ ಗಡುವೇ ಎಕ್ಸ್‌ಪೈರಿ. ಆ ಹಕ್ಕಿನ ಬೆಲೆಯೊಳಗೆ ಅಡಗಿರುವ ಏರಿಳಿತದ ಅಂದಾಜು ಇಂಪ್ಲೈಡ್ ವೊಲಟಿಲಿಟಿ; ಅದನ್ನು ಸ್ಟ್ರೈಕ್‌ವಾರು ಬರೆದರೆ ಈ ರೇಖೆ. ತಪ್ಪು ಸಾಮಾನ್ಯವಾಗಿ ಮಾದರಿಯದ್ದಲ್ಲ, ಅದಕ್ಕೆ ಉಣಿಸಿದ ಬೆಲೆಗಳದ್ದು. ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ, ಪೈಥಾನ್ ಇಷ್ಟು ಬಂದರೆ ಇದನ್ನು ಶುರುಮಾಡಬಹುದು. ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್ (ಯಾದೃಚ್ಛಿಕ ಚಲನೆಯ ಗಣಿತ) ಜೊತೆಜೊತೆಗೇ ಕಲಿಯಿರಿ, ಅದು ಮುಗಿಯಲೆಂದು ಕಾಯಬೇಡಿ.

ಹಂತ 1: ಯುರೋಪಿಯನ್ ಶೈಲಿಯ (ಎಕ್ಸ್‌ಪೈರಿ ದಿನ ಮಾತ್ರ ಚಲಾಯಿಸಬಹುದಾದ) ಸೂಚ್ಯಂಕ ಆಪ್ಷನ್‌ಗಳ ಬಿಡ್ (ಕೊಳ್ಳುವವರು ಹೇಳುವ) ಮತ್ತು ಆಸ್ಕ್ (ಮಾರುವವರು ಕೇಳುವ) ಬೆಲೆಗಳನ್ನು ಒಂದೇ ಕ್ಷಣದಲ್ಲಿ ಹಿಡಿದಿಡಿ. ಕೊನೆಯ ವಹಿವಾಟಿನ ಬೆಲೆ ಬೇಡವೇ ಬೇಡ. ಒಂದು ಸ್ಟ್ರೈಕ್ ಈಗಷ್ಟೇ ಕೈಬದಲಾಗಿರುತ್ತದೆ, ಪಕ್ಕದ್ದು ಬೆಳಗ್ಗೆಯೇ ನಿಂತಿರುತ್ತದೆ.

ಹಂತ 2: ಫಾರ್ವರ್ಡ್ ಬೆಲೆ, ಅಂದರೆ ಎಕ್ಸ್‌ಪೈರಿ ದಿನ ಕೊಳ್ಳಲು ಈಗಲೇ ಒಪ್ಪಿಕೊಳ್ಳುವ ಸೂಚ್ಯಂಕದ ಬೆಲೆ. ಹೆಚ್ಚಿನವರು ಎಡವುವುದು ಇಲ್ಲೇ. ಸ್ಪಾಟ್ (ಈ ಕ್ಷಣದ) ಬೆಲೆಗೆ ಯಾವುದೋ ಬಡ್ಡಿದರ ಸೇರಿಸಿ, ಡಿವಿಡೆಂಡನ್ನು ಅಂದಾಜಿನ ಮೇಲೆ ಕಳೆದು ಮುಂದೆ ಹೋಗುತ್ತಾರೆ. ನಿಜವಾದ ಫಾರ್ವರ್ಡ್ 100 ಇರುವಲ್ಲಿ ನೀವು 100.10 ಹಿಡಿದಿರಿ ಎನ್ನಿ. ಎಕ್ಸ್‌ಪೈರಿಗೆ 30 ದಿನ ಇದ್ದರೆ, ಅದೇ 100ರ ಸ್ಟ್ರೈಕಿನಲ್ಲಿ ಕಾಲ್ ಹೇಳುವ ವೊಲಟಿಲಿಟಿಗೂ ಪುಟ್ ಹೇಳುವುದಕ್ಕೂ ಸುಮಾರು 0.9 ಶೇಕಡಾ ಪಾಯಿಂಟ್ ಅಂತರ ಬೀಳುತ್ತದೆ. ರೇಖೆ ನಟ್ಟನಡುವೆ ಮೆಟ್ಟಿಲಿನಂತೆ ಮುರಿಯುವುದು ಇದರಿಂದ.

ಫಾರ್ವರ್ಡ್ ಎಷ್ಟೆಂದು ಆಪ್ಷನ್‌ಗಳನ್ನೇ ಕೇಳಿ. ಪುಟ್-ಕಾಲ್ ಪ್ಯಾರಿಟಿಯ ಪ್ರಕಾರ (ಡಿಸ್ಕೌಂಟ್ ಫ್ಯಾಕ್ಟರ್ ಎಂದರೆ ಎಕ್ಸ್‌ಪೈರಿ ದಿನ ಸಿಗುವ ಒಂದು ರೂಪಾಯಿಯ ಇಂದಿನ ಬೆಲೆ):

ಕಾಲ್ − ಪುಟ್ = ಡಿಸ್ಕೌಂಟ್ ಫ್ಯಾಕ್ಟರ್ × (ಫಾರ್ವರ್ಡ್ − ಸ್ಟ್ರೈಕ್)

ನಡುವಿನ ಹತ್ತು ಸ್ಟ್ರೈಕ್‌ಗಳಲ್ಲಿ ಈ ವ್ಯತ್ಯಾಸವನ್ನು ಬಿಡ್-ಆಸ್ಕ್‌ನ ಮಧ್ಯಬೆಲೆಯಿಂದ ಲೆಕ್ಕಹಾಕಿ ಚುಕ್ಕೆ ಇಡಿ. ಚುಕ್ಕೆಗಳು ನೇರ ಗೆರೆಯಲ್ಲಿ ಕೂರಬೇಕು. ಗೆರೆಯ ಇಳಿಜಾರು ಎಷ್ಟೋ ಡಿಸ್ಕೌಂಟ್ ಫ್ಯಾಕ್ಟರ್ ಅಷ್ಟು. ಗೆರೆ ಸೊನ್ನೆಯನ್ನು ದಾಟುವ ಸ್ಟ್ರೈಕೇ ಫಾರ್ವರ್ಡ್. ಗೆರೆಯಿಂದ ದೂರ ಬಿದ್ದ ಚುಕ್ಕೆ ಹಳಸಿದ ಬೆಲೆ, ತೆಗೆದುಹಾಕಿ. ಅಮೆರಿಕನ್ ಶೈಲಿಯ ಆಪ್ಷನ್‌ಗಳನ್ನು ಅವಧಿಗೆ ಮೊದಲೇ ಚಲಾಯಿಸಬಹುದಾದ್ದರಿಂದ ಈ ಸಮೀಕರಣ ಅವುಗಳಿಗೆ ನಿಲ್ಲದು.

ಹಂತ 3: ಫಾರ್ವರ್ಡ್‌ಗಿಂತ ಕೆಳಗೆ ಪುಟ್, ಮೇಲೆ ಕಾಲ್. ಇದರಲ್ಲಿ ರಾಜಿ ಬೇಡ. ಫಾರ್ವರ್ಡ್ 100, ಸ್ಟ್ರೈಕ್ 70 ಎಂದುಕೊಳ್ಳಿ. ಪುಟ್‌ನ ಬಿಡ್ 0.02, ಆಸ್ಕ್ 0.05. ಅದೇ ಸ್ಟ್ರೈಕಿನ ಕಾಲ್‌ನ ಬಿಡ್ 29.80, ಆಸ್ಕ್ 30.30. ವೊಲಟಿಲಿಟಿಯ ಸುದ್ದಿ ಇರುವುದು 30ರ ಮೇಲಿನ ಆ ಮೂರು-ನಾಲ್ಕು ಪೈಸೆಯಷ್ಟು ಚೂರಿನಲ್ಲಿ. ಕಾಲ್‌ನ ಅರ್ಧ ಅಂಕದ ಬಿಡ್-ಆಸ್ಕ್ ಅಂತರ ಅದನ್ನು ನುಂಗಿಹಾಕುತ್ತದೆ. ಬಿಡ್ 30ಕ್ಕಿಂತಲೂ ಕೆಳಗಿರುವುದರಿಂದ ಅದಕ್ಕೆ ಉತ್ತರವೇ ಸಿಗದು. ಬಿಡ್ ಸೊನ್ನೆ ಇರುವ ಸ್ಟ್ರೈಕ್‌ಗಳನ್ನೂ ಬಿಟ್ಟುಬಿಡಿ.

ಹಂತ 4: ಬೆಲೆಯಿಂದ ವೊಲಟಿಲಿಟಿಗೆ. ಬೆಲೆಗೆ ಹೊಂದುವ ವೊಲಟಿಲಿಟಿಯನ್ನು ಹೆಜ್ಜೆಹೆಜ್ಜೆಯಾಗಿ ಹುಡುಕಬೇಕು. ಪಠ್ಯಪುಸ್ತಕಗಳು ಹೇಳುವ ನ್ಯೂಟನ್ ವಿಧಾನಕ್ಕಿಂತ ಬ್ರೆಂಟ್ ವಿಧಾನ ವಾಸಿ. ನ್ಯೂಟನ್ ಪ್ರತಿ ಹೆಜ್ಜೆಯಲ್ಲೂ ವೇಗಾದಿಂದ (ವೊಲಟಿಲಿಟಿ ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಎಂಬುದು) ಭಾಗಿಸುತ್ತದೆ. ಮೇಲಿನ ಉದಾಹರಣೆಯಲ್ಲಿ (ಫಾರ್ವರ್ಡ್ 100, 30 ದಿನ) 100ರ ಸ್ಟ್ರೈಕಿನ ವೇಗಾ ಪಾಯಿಂಟಿಗೆ 0.11ರಷ್ಟಿದ್ದರೆ, 70ರಲ್ಲಿ 50% ವೊಲಟಿಲಿಟಿಗೂ 0.004 ಮಾತ್ರ. ಅಷ್ಟು ಸಣ್ಣ ಸಂಖ್ಯೆಯಿಂದ ಭಾಗಿಸಿದರೆ ಹೆಜ್ಜೆ ಎಲ್ಲೋ ಹಾರುತ್ತದೆ. ತಾಳೆ ನೋಡಲು ಒಂದು ಅಡ್ಡದಾರಿ: ಫಾರ್ವರ್ಡ್‌ನಷ್ಟೇ ಸ್ಟ್ರೈಕ್ ಇರುವ ಆಪ್ಷನ್ ಬೆಲೆ ಹತ್ತಿರಹತ್ತಿರ 0.4 × ಫಾರ್ವರ್ಡ್ × ವೊಲಟಿಲಿಟಿ × ವರ್ಷಗಳಲ್ಲಿ ಅವಧಿಯ ವರ್ಗಮೂಲ. ಫಾರ್ವರ್ಡ್ 100, ವೊಲಟಿಲಿಟಿ 20%, ಮೂರು ತಿಂಗಳು ಆದರೆ 4. ನಿಮ್ಮ ಕೋಡ್ 7 ಕೊಟ್ಟರೆ ಮೊದಲು ದಿನಗಳ ಲೆಕ್ಕ ನೋಡಿ.

ಹಂತ 5: ಚುಕ್ಕೆಗಳಿಗೆ ರೇಖೆ. ಕ್ಯೂಬಿಕ್ ಸ್ಪ್ಲೈನ್ ಬಳಸಬೇಡಿ. ಪ್ರತಿ ಚುಕ್ಕೆಯನ್ನೂ ಮುಟ್ಟುವ ಹಟದಲ್ಲಿ ಅದು ಗದ್ದಲಕ್ಕೂ ಅರ್ಥ ಕೊಡುತ್ತದೆ. ಬದಲಿಗೆ 1999ರಲ್ಲಿ ಜಿಮ್ ಗ್ಯಾದರಲ್ ರೂಪಿಸಿದ ಎಸ್‌ವಿಐ ಎಂಬ ವೊಲಟಿಲಿಟಿ ರೇಖೆಯ ಸೂತ್ರ ಬಳಸಿ, ಅದರಲ್ಲಿ ಐದೇ ನಿಯತಾಂಕಗಳು. ಅಡ್ಡ ಅಕ್ಷಕ್ಕೆ ಸ್ಟ್ರೈಕ್-ಫಾರ್ವರ್ಡ್ ಅನುಪಾತದ ಲಾಗರಿದಮ್, ಲಂಬ ಅಕ್ಷಕ್ಕೆ ವೊಲಟಿಲಿಟಿಯ ವರ್ಗ × ಅವಧಿ. ಬಿಡ್-ಆಸ್ಕ್ ಅಂತರ ಅಗಲವಾಗಿರುವ ಚುಕ್ಕೆಗೆ ಕಡಿಮೆ ತೂಕ ಕೊಡಿ. ಒಂದೇ ಆರಂಭಬಿಂದುವನ್ನು ನಂಬದೆ, ಹತ್ತು ಕಡೆಯಿಂದ ಶುರುಮಾಡಿ ಅತಿ ಕಡಿಮೆ ದೋಷದ್ದನ್ನು ಆರಿಸಿ. 1987ರ ಅಕ್ಟೋಬರ್ ಕುಸಿತದ ನಂತರ ಷೇರು ಸೂಚ್ಯಂಕಗಳ ರೇಖೆ ಸಾಮಾನ್ಯವಾಗಿ ಎಡಕ್ಕೆ ಏರುತ್ತದೆ. ನಿಮ್ಮದು ಚಪ್ಪಟೆಯಾಗಿದ್ದರೆ ಮತ್ತೆ ಹಂತ 2ಕ್ಕೆ ಹೋಗಿ.

ಹಂತ 6: ಆರ್ಬಿಟ್ರೇಜ್ ಪರೀಕ್ಷೆ, ಅಂದರೆ ಅಪಾಯವಿಲ್ಲದ ಪುಕ್ಕಟೆ ಲಾಭಕ್ಕೆ ರೇಖೆಯಲ್ಲಿ ದಾರಿ ಉಳಿದಿದೆಯೇ ಎಂದು ನೋಡುವುದು. ರೇಖೆಯಿಂದ ಮರಳಿ ಪಡೆದ ಕಾಲ್ ಬೆಲೆಗಳು ಸ್ಟ್ರೈಕ್ ಏರಿದಂತೆ ಇಳಿಯಬೇಕು, ಎಲ್ಲಿಯೂ ಉಬ್ಬು ಏಳಬಾರದು. ಎರಡನೇ ಎಕ್ಸ್‌ಪೈರಿ ಸೇರಿಸಿದಾಗ, ಅದೇ ಸ್ಟ್ರೈಕ್-ಫಾರ್ವರ್ಡ್ ಅನುಪಾತದಲ್ಲಿ ದಿನ ಹೆಚ್ಚಿದಂತೆ ವೊಲಟಿಲಿಟಿಯ ವರ್ಗ × ಅವಧಿ ಕಡಿಮೆಯಾಗಬಾರದು. 30 ದಿನಕ್ಕೆ 40%, 60 ದಿನಕ್ಕೆ 25% ಬಂದರೆ 0.16 × 30 = 4.8, 0.0625 × 60 = 3.75. ಇಳಿಯಿತು, ಎಲ್ಲೋ ಬೆಲೆ ತಪ್ಪಿದೆ.

ಇದಾದ ಮೇಲೆ ಹೆಸ್ಟನ್ ಕೈಗೆತ್ತಿಕೊಳ್ಳಿ. ಆರು ವಾರದಲ್ಲಿ ಕ್ವಾಂಟ್ ಮಾಡುತ್ತೇವೆನ್ನುವ ಪ್ರಮಾಣಪತ್ರಗಳಿಗೆ ಹಣ ಸುರಿಯಬೇಡಿ. ಅರ್ಜಿಯ ಜೊತೆ ಈ ಒಂದು ನೋಟ್‌ಬುಕ್ (ಪೈಥಾನ್ ಕೋಡ್ ಮತ್ತು ಚಿತ್ರಗಳಿರುವ ಕಡತ) ಕಳಿಸಿ. ಅದರಲ್ಲಿ ಯಾವ ಸ್ಟ್ರೈಕ್‌ಗಳನ್ನು ಏಕೆ ಬಿಟ್ಟಿರಿ ಎಂಬ ಪಟ್ಟಿ ಇರಲಿ, ಎಷ್ಟು ಚುಕ್ಕೆಗಳಲ್ಲಿ ನಿಮ್ಮ ರೇಖೆ ಬಿಡ್ ಮತ್ತು ಆಸ್ಕ್ ನಡುವೆಯೇ ಹಾದುಹೋಗಿದೆ ಎಂಬ ಎಣಿಕೆಯೂ ಇರಲಿ.