ಸ್ಕೌಟ್ಸ್, ಗೈಡ್ಸ್ ಶಿಬಿರ: ಚೀಲವನ್ನು ಮಕ್ಕಳೇ ತುಂಬಲಿ

ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಕ್ಕೆ ಹೊರಡುವ ಹಿಂದಿನ ರಾತ್ರಿ ಹೆಚ್ಚಿನ ಮನೆಗಳಲ್ಲಿ ಚೀಲ ತುಂಬುವುದು ತಾಯಿ. ಮೊದಲು ಬಿಡಬೇಕಾದ ಕೆಲಸ ಇದೇ. ಪಟ್ಟಿಯನ್ನು ಮಕ್ಕಳ ಕೈಗೇ ಕೊಡಿ. ತಟ್ಟೆ, ಲೋಟ, ಹೊದಿಕೆ, ಹಗ್ಗ, ಟಾರ್ಚ್, ಸ್ಕಾರ್ಫ್ ಎಲ್ಲವನ್ನೂ ಅವರೇ ಹುಡುಕಿ, ಮಡಿಸಿ ಇಟ್ಟುಕೊಳ್ಳಲಿ. ನೀವು ಒಪ್ಪವಾಗಿ ತುಂಬಿದ ಚೀಲದಲ್ಲಿ ಟಾರ್ಚ್ ಯಾವ ಮೂಲೆಯಲ್ಲಿದೆ ಎಂಬುದು ಕತ್ತಲಲ್ಲಿ ಅವರಿಗೆ ಹೇಗೆ ಗೊತ್ತಾಗಬೇಕು? ಸೋಪು ಮರೆತರೆ ಪಕ್ಕದವರನ್ನು ಕೇಳುತ್ತಾರೆ. ಔಷಧದ ವಿಷಯ ಮಾತ್ರ ಬೇರೆ: ಯಾವುದು, ಎಷ್ಟು ಹೊತ್ತಿಗೆ ಎಂದು ಬರೆದು ಶಿಕ್ಷಕರಿಗೆ ನೀವೇ ಕೊಡಬೇಕು.

ಕೇಳುವುದನ್ನೆಲ್ಲ ಹೊರಡುವ ಮೊದಲೇ ಕೇಳಿ ಮುಗಿಸಿ. ಜೊತೆಗೆ ಎಷ್ಟು ಮಂದಿ ದೊಡ್ಡವರಿರುತ್ತಾರೆ, ಹುಡುಗಿಯರೊಂದಿಗೆ ರಾತ್ರಿ ಶಿಕ್ಷಕಿಯರು ಇರುತ್ತಾರೆಯೇ, ಹತ್ತಿರದ ಆಸ್ಪತ್ರೆ ಯಾವುದು? ಇಷ್ಟು ತಿಳಿದುಕೊಂಡರೆ ದಿನಕ್ಕೆ ನಾಲ್ಕು ಬಾರಿ ಫೋನ್ ಮಾಡಬೇಕೆನಿಸದು.

ದೂರು ಬಂದಾಗ ನಿಜವಾದ ಪರೀಕ್ಷೆ. 'ಪಾತ್ರೆ ತೊಳೆಯುವ ಪಾಳಿ ದಿನವೂ ನನಗೇ ಬರುತ್ತದೆ' ಎಂದರೆ ತಕ್ಷಣ ಶಿಕ್ಷಕರಿಗೆ ಕರೆ ಮಾಡಬೇಡಿ. 'ನಿನ್ನ ತಂಡದ ನಾಯಕಿಗೆ ಹೇಳಿದೆಯಾ?' ಎಂದು ಕೇಳಿ. 1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದೊಯ್ದಾಗಲೇ ನಾಲ್ಕು ತಂಡ ಮಾಡಿ, ಒಂದೊಂದಕ್ಕೂ ಒಬ್ಬ ಹುಡುಗನನ್ನೇ ಮುಂದಾಳಾಗಿಸಿದ್ದರು. ಮಕ್ಕಳ ಜಗಳ ಮಕ್ಕಳಲ್ಲೇ ಬಗೆಹರಿಯಲು ಈ ವ್ಯವಸ್ಥೆಯಲ್ಲಿ ದಾರಿಯಿದೆ. ಹೊಡೆತ, ಕಿರುಕುಳ, ಕಾಯಿಲೆಯ ಸುಳಿವು ಸಿಕ್ಕರೆ ಮಾತ್ರ ಒಂದು ಗಳಿಗೆಯೂ ಕಾಯದೆ ಹಿರಿಯರೊಂದಿಗೆ ಮಾತನಾಡಿ.

ಕೈಕಟ್ಟಿ ನಿಲ್ಲುವುದನ್ನು ನಾನು ಕಲಿತದ್ದು ಒಂದು ಹಗ್ಗದಿಂದ. ಗೈಡ್ಸ್‌ನಲ್ಲಿ ಹಂತ ಹಂತವಾಗಿ ಮೇಲೇರಲು ಇರುವ ಸೋಪಾನ ಪರೀಕ್ಷೆಗೆಂದು ಮಗಳು ರೀಫ್ ಗಂಟು ಹಾಕುತ್ತಿದ್ದಳು. ಮೊದಲು ಬಲದ ತುದಿ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ ಬರಬೇಕು. ಅವಳು ಎರಡೂ ಸಲ ಬಲದ್ದನ್ನೇ ಮೇಲೆ ತಂದಳು. ನನ್ನ ಕೈ ಹಗ್ಗದತ್ತ ಹೋಗಿಯೇಬಿಟ್ಟಿತ್ತು, ಹಿಂದಕ್ಕೆಳೆದುಕೊಂಡೆ. ಎಳೆದು ನೋಡಿದಳು, ಗಂಟು ಜಾರಿತು. ಬಿಚ್ಚಿದಳು, ಮತ್ತೆ ಹಾಕಿದಳು. ನಾಲ್ಕನೆಯ ಸಲ ಗಂಟು ಎರಡೂ ಕಡೆ ಒಂದೇ ಸಮನಾಗಿ ಕೂತಿತು. ಅದನ್ನು ಬಿಚ್ಚದೆ ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗಿದಳು.

ಶಿಬಿರ ಮುಗಿಸಿ ಬಂದ ಮಕ್ಕಳ ಮೇಲೆ ಪ್ರಶ್ನೆಗಳ ಸುರಿಮಳೆ ಬೇಡ. ಮೊದಲು ನಿದ್ದೆ ಮಾಡಲಿ. ಮಾತು ಸಂಜೆಗೋ ಮರುದಿನಕ್ಕೋ ತಾನಾಗಿ ಬರುತ್ತದೆ. ಚೀಲವನ್ನೂ ನೀವು ಬಿಚ್ಚಬೇಡಿ. ಅದರ ತಳದಲ್ಲಿ ಒದ್ದೆ ಟವೆಲ್ ಉಳಿದಿದ್ದರೆ ಒಗೆದು ಒಣಗಿಸುವ ಕೆಲಸವೂ ಅವರದೇ.