ಮಳೆ ಹಿಡಿಯುವ ಮುಂಚೆ ಒಂದು ಸಲ ಕೆರೆ ಏರಿ ಹತ್ತಿ ಬನ್ನಿ

ನಮ್ಮ ಮನೆ ಇರೋದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಕೆಳಗೆ. ಬೋರ್‌ವೆಲ್‌ನಲ್ಲಿ ನೀರು ಬಂದರೆ ಸಾಕು ಅಂತ ದೇವರಿಗೆ ಕೈ ಮುಗಿದು ಬೆಳೆದವರು ನಾವು. ನೀರು ಜಾಸ್ತಿ ಆದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಕಡೆ ಕೆರೆಗಳು ಒಂದರ ಹಿಂದೆ ಒಂದು ತುಂಬಿ ಕೋಡಿ ಹೋದವಲ್ಲ, ಆಗ ಕಲಿತೆ. ಹಿತ್ತಲ ಗೋಡೆಯಲ್ಲಿ ನೆಲದಿಂದ ಒಂದೂವರೆ ಗೇಣಿನ ಮೇಲೆ ಕೆಂಪು ಗೆರೆ ಇನ್ನೂ ಇದೆ. ಸುಣ್ಣ ಹೊಡೆಸುವಾಗ ಅದೊಂದು ಜಾಗ ಬಿಡಿಸಿದ್ದೇನೆ. ಅಕ್ಕಿ ಮೂಟೆ, ಗ್ಯಾಸ್, ಹಿಂಡಿ, ಬೂಸಾ ಎಲ್ಲ ಆ ಗೆರೆಗಿಂತ ಮೇಲೆ.

ನಮ್ಮ ಕಡೆ ತುಂಬಿ ಹರಿಯುವ ದೊಡ್ಡ ನದಿ ಇಲ್ಲ. ನೀರು ಬರೋದು ಕೆರೆಯಿಂದ ಕೆರೆಗೆ. ಕೆರೆ ತುಂಬಿದರೆ ಹೆಚ್ಚಿನ ನೀರು ಹೊರಹೋಗುವ ದಾರಿಯೇ ಕೋಡಿ. ಮೇಲಿನೂರಿನ ಕೋಡಿ ನೀರು ನಮ್ಮ ಕೆರೆಗೆ, ನಮ್ಮದು ಕೆಳಗಿನೂರಿಗೆ. ಅದಕ್ಕೇ ನಿಮ್ಮೂರಲ್ಲಿ ಮಳೆ ನಿಂತು ಬಿಸಿಲು ಬಂದ ಮೇಲೂ ನೀರು ಏರಬಹುದು. ಮೇಲಿನ ಕೆರೆ ಯಾವುದು, ಅಲ್ಲಿ ರಾತ್ರಿ ಫೋನ್ ಎತ್ತುವವರು ಯಾರು, ಇದು ಮೊದಲು ಗೊತ್ತಿರಲಿ. ನಾನು ಆ ಊರಲ್ಲಿ ಡೇರಿಗೆ ಹಾಲು ಹಾಕುವವರೊಬ್ಬರ ನಂಬರ್ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಐದಕ್ಕೇ ಎದ್ದಿರುತ್ತಾರೆ.

ಚಿತ್ತೆ ಮಳೆ ಹೊತ್ತಿಗೆ, ಅಂದರೆ ಅಕ್ಟೋಬರ್ ಎರಡನೇ ವಾರ, ಏರಿ ಮೇಲೆ ಒಂದು ಸುತ್ತು ಹೋಗಿ ಬನ್ನಿ. ಮೊದಲು ಕೋಡಿ ನೋಡಿ. ಇನ್ನೊಂದಿಷ್ಟು ನೀರು ನಿಲ್ಲಲಿ ಅಂತ ಅಲ್ಲಿ ಮರಳು ಮೂಟೆ ಜೋಡಿಸುವವರು ಇರುತ್ತಾರೆ. ಮೀನಿಗೆ ಬಲೆ ಕಟ್ಟುವವರೂ ಇರುತ್ತಾರೆ. ಬಲೆಗೆ ಜೊಂಡು, ಕಸ ಸಿಕ್ಕಿಕೊಂಡರೆ ನೀರಿಗೆ ದಾರಿ ಇಲ್ಲ, ಏರಿಗೇ ಹತ್ತುತ್ತದೆ. ಮಣ್ಣಿನ ಏರಿ ಮೇಲೆ ನೀರು ಹರಿಯಿತೋ, ಕೊಚ್ಚಿಕೊಂಡು ಹೋಗೋಕೆ ಹೊತ್ತು ಬೇಕಿಲ್ಲ. ಜಗಳ ಆಗುತ್ತೆ, ಆಗಲಿ, ತೆಗೆಸಿ.

ಆಮೇಲೆ ಏರಿ ಇಳಿದು ಹೊರಮೈ ನೋಡಿ. ಇಲಿ ಬಿಲ, ಏಡಿ ಬಿಲ ಇದೆಯಾ? ನೀರು ಜಿನುಗುತ್ತಿದ್ದರೆ ಅಂಗೈಯಲ್ಲಿ ಹಿಡಿಯಿರಿ. ತಿಳಿಯಾಗಿದ್ದರೆ ದಿನಾ ಬಂದು ನೋಡ್ತಾ ಇರಿ. ಮಣ್ಣು ಬೆರೆತು ಕೆಂಪಗಿದ್ದರೆ ಏರಿಯನ್ನು ನೀರು ಒಳಗಿಂದ ಕೊರೆಯುತ್ತಿದೆ. ಬೆಳಗಾಗಲಿ ಅನ್ನಬೇಡಿ. ಪಂಚಾಯಿತಿಗೆ, ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಆಗಲೇ ಫೋನ್ ಮಾಡಿ, ಕೆಳಗಿನ ಮನೆಯವರನ್ನು ಎಬ್ಬಿಸಿ.

ಕೋಡಿ ಕಾಲುವೆಯನ್ನೂ ನೋಡಿ. ವರ್ಷಗಟ್ಟಲೆ ನೀರು ಬರದಿದ್ದರೆ ಅದು ಕಾಲುವೆ ಅನ್ನೋದೇ ಜನಕ್ಕೆ ಮರೆತುಹೋಗುತ್ತೆ. ಬೇರೆಯವರನ್ನು ಯಾಕೆ ಅನ್ನಲಿ, ನಮ್ಮ ತಿಪ್ಪೆಯೇ ಅದರಲ್ಲಿತ್ತು. ಅವತ್ತು ತಿಪ್ಪೆ ಪೂರ್ತಿ ನಮ್ಮ ಸಂಪಿಗೆ ಬಂತು! ಸಂಪಿನ ಮುಚ್ಚಳ ಅಂಗಳದ ಮಟ್ಟಕ್ಕೇ ಇತ್ತು. ಈಗ ಸುತ್ತ ಇಟ್ಟಿಗೆ ಕಟ್ಟಿ ಒಂದಡಿ ಎತ್ತರಿಸಿದ್ದೇನೆ.

ಹಸುಗಳ ವಿಷಯ. ನೆನೆದ ಹಗ್ಗದ ಗಂಟು ಬಿಚ್ಚಿ ನೋಡಿದ್ದೀರಾ? ಕತ್ತಲಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಇಪ್ಪತ್ತು ನಿಮಿಷ ಒದ್ದಾಡಿದೆ, ಉಗುರು ಕಿತ್ತುಬಂತು. ಕೊನೆಗೆ ಈಳಿಗೆಮಣೆ ತಂದು ಕೊಯ್ದೆ. ಈಗ ಮಳೆಗಾಲದ ರಾತ್ರಿ ಒಂದೇ ಎಳೆತಕ್ಕೆ ಬಿಚ್ಚುವ ಜಾರುಗುಣಿಕೆ ಹಾಕುತ್ತೇನೆ, ಪಕ್ಕದ ಕಂಬಕ್ಕೆ ಕುಡುಗೋಲು ಸಿಕ್ಕಿಸಿರುತ್ತೇನೆ. ಹಸುಗಳನ್ನು ಎಲ್ಲಿಗೆ ಹೊಡೆಯಬೇಕು ಅನ್ನೋದನ್ನೂ ಹಗಲಲ್ಲೇ ತೀರ್ಮಾನಿಸಿ. ನಮಗೆ ಶಾಲೆ ದಿಬ್ಬ.

ಪಹಣಿ, ಆಧಾರ್, ಪಾಸ್‌ಬುಕ್, ಹಸುವಿನ ವಿಮೆ ಕಾಗದ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಅಟ್ಟದ ಡಬ್ಬಕ್ಕೆ ಹಾಕಿ. ನೀರು ಅಂಗಳಕ್ಕೆ ಬಂದಾಗಲೇ, ಕೈ ಒಣಗಿರುವಾಗಲೇ, ಮೈನ್ ಆಫ್ ಮಾಡಿ. ಕರೆಂಟ್ ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ. ಕೊಯ್ದ ರಾಗಿಯನ್ನು ಹೊಲದಲ್ಲಿ ಅರಿ ಹಾಕಿ, ಅಂದರೆ ಕೊಯ್ದ ಸಾಲಿನಲ್ಲೇ ನೆಲಕ್ಕೆ ಹರಡಿ, ಬಿಡಬೇಡಿ. ಆ ವರ್ಷ ತೆನೆಯಲ್ಲೇ ಮೊಳಕೆ ಬಂದದ್ದು ನೆನಪಿದೆ ಅಲ್ವಾ?

ಮಳೆ ಎಷ್ಟು ಬಂತು ಅಂತ ಸುಮ್ನೆ ಅಂದಾಜು ಮಾಡುವ ಬದಲು ನೇರ ಗೋಡೆಯ ಡಬ್ಬವೊಂದನ್ನು ಬಯಲಲ್ಲಿಡಿ. ಬಕೆಟ್ ಆಗಲ್ಲ, ಅದರ ಬಾಯಿ ತಳಕ್ಕಿಂತ ಅಗಲ. ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಸ್ಕೇಲ್ ಇಟ್ಟು ನೋಡಿ. ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಲೆಕ್ಕದಲ್ಲಿ ಭಾರಿ ಮಳೆ, 115.6ರಿಂದ ಅತಿ ಭಾರಿ. ಕೆರೆ ಮೊದಲೇ ತುಂಬಿದ್ದರೆ ನಾನು ಅಷ್ಟಕ್ಕೆಲ್ಲ ಕಾಯಲ್ಲ, ಸಂಜೆಯೇ ಹಸು ಹೊಡೆದುಕೊಂಡು ದಿಬ್ಬ ಹತ್ತುತ್ತೇನೆ.

ರಸ್ತೆ ಮೇಲೆ ಕೋಡಿ ನೀರು ಹರಿಯುತ್ತಿದ್ದರೆ ಬೈಕ್ ಇಳಿಸಬೇಡಿ. ಕೆಂಪು ನೀರಿನಡಿ ರಸ್ತೆ ಇದೆಯೋ ಕಿತ್ತುಹೋಗಿದೆಯೋ ಕಾಣಲ್ಲ.

ನೀರಿಳಿದ ಮೇಲೆ ಸಂಪು ಪೂರ್ತಿ ಖಾಲಿ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ಕುಡಿಯುವ ನೀರು ಕಾಯಿಸಿಯೇ ಕುಡಿಯಿರಿ. ಹುಲ್ಲಿನ ಬಣವೆಗೆ ಕೈ ಹಾಕುವ ಮುಂಚೆ ಕೋಲಲ್ಲಿ ನಾಲ್ಕು ಸಲ ಬಡಿಯಿರಿ. ಒಣಜಾಗ ಹುಡುಕಿಕೊಂಡು ನಾವಷ್ಟೇ ಅಲ್ಲ, ಹಾವೂ ಹತ್ತಿರುತ್ತದೆ.