ರಸ್ತೆಯ ಅಂಚು ಬಿಟ್ಟ ಮೇಲೆ

ಮೊದಲ ಎರಡು ವರ್ಷ ನಾನು ರಸ್ತೆಯ ಅಂಚಿಗೆ ಅಂಟಿಕೊಂಡೇ ಸೈಕಲ್ ತುಳಿದೆ. ದೊಡ್ಡ ಗಾಡಿಗಳಿಗೆ ದಾರಿ ಬಿಟ್ಟಷ್ಟೂ ಕ್ಷೇಮ ಅಂದುಕೊಂಡಿದ್ದೆ. ಒಂದು ಸಂಜೆ ನಿಂತಿದ್ದ ಕಾರಿನ ಬಾಗಿಲು ದಢಕ್ಕನೆ ತೆರೆದುಕೊಂಡಿತು. ಬ್ರೇಕಿಗೆ ಕೈ ಹೋಗುವಷ್ಟರಲ್ಲಿ ಹ್ಯಾಂಡಲ್ ಬಾಗಿಲಿಗೆ ಬಡಿದು, ನಾನು ರಸ್ತೆಯ ನಡುವೆ ಬಿದ್ದಿದ್ದೆ. ಹಿಂದೆ ಯಾವ ಗಾಡಿಯೂ ಬರುತ್ತಿರಲಿಲ್ಲ, ಬದುಕಿಕೊಂಡೆ. ಮೊಣಕೈ ತರಚಿತ್ತು, ಮುಂದಿನ ರಿಮ್ ಬೆಂಡಾಗಿತ್ತು.

ಬಾಗಿಲು ತೆರೆದವರನ್ನು ಬೈದೆ, ನಿಜ. ಆದರೆ ಸೈಕಲ್ ತಳ್ಳಿಕೊಂಡು ಬರುವಾಗ ಒಂದು ಲೆಕ್ಕ ಹಾಕಿದೆ. ಗಂಟೆಗೆ 20 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. ಕಣ್ಣಿಗೆ ಕಂಡಿದ್ದು ಕೈಗೆ ತಲುಪಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಒಂದು ಕಾರಿನ ಉದ್ದ ದಾಟಿರುತ್ತೇನೆ. ನಾನೆಷ್ಟು ಹುಷಾರಾಗಿದ್ದರೂ ಅಷ್ಟೇ, ನಾನು ಹೋಗುತ್ತಿದ್ದ ಜಾಗವೇ ತಪ್ಪು.

ಅಂದಿನಿಂದ ನಿಂತ ಕಾರುಗಳಿಂದ ಒಂದೂವರೆ ಮೀಟರ್ ದೂರದಲ್ಲೇ ಹೋಗುತ್ತೇನೆ. ಎರಡು ಕಾರುಗಳ ನಡುವೆ ಖಾಲಿ ಜಾಗ ಕಂಡಿತು ಅಂತ ಒಳಗೆ ಸರಿದು ಮತ್ತೆ ಹೊರಗೆ ಬರುವುದಿಲ್ಲ. ಹಾಗೆ ಮಾಡಿದರೆ ಹಿಂದಿನವರಿಗೆ ನಾನು ಒಮ್ಮೆ ಮಾಯ, ಒಮ್ಮೆ ಪ್ರತ್ಯಕ್ಷ. ಹಾರ್ನ್ ಜಾಸ್ತಿ ಕೇಳಿಸುತ್ತದೆ. ಕೇಳಿಸಲಿ ಬಿಡಿ, ನನ್ನನ್ನು ನೋಡಿದವರು ತಾನೇ ಹಾರ್ನ್ ಹೊಡೆಯುವುದು! ಅಂಚಿನಲ್ಲಿದ್ದಾಗ ಗಾಡಿಗಳು ತೋಳು ಸವರಿಕೊಂಡು ಹೋಗುತ್ತಿದ್ದವು, ತೂರಿಕೊಳ್ಳಬಹುದು ಅನ್ನಿಸುವಷ್ಟು ಜಾಗ ನಾನೇ ಬಿಟ್ಟಿದ್ದೆನಲ್ಲ. ಈಗ ಇಕ್ಕಟ್ಟಾದ ಕಡೆ ಲೇನಿನ ನಡುವೆಯೇ ಹೋಗುತ್ತೇನೆ. ರಸ್ತೆ ಅಗಲವಾದ ಕೂಡಲೇ ಸರಿದು ದಾರಿ ಬಿಡುತ್ತೇನೆ.

ಹೀಗೆ ಒಳಗೆ ಹೊರಗೆ ಸರಿಯಬೇಕಾದರೆ ಹಿಂದೆ ತಿರುಗಿ ನೋಡಲು ಬರಬೇಕು. ಸುಲಭ ಅನ್ನಿಸುತ್ತದೆ ಅಲ್ವಾ? ನಾನು ತಲೆ ತಿರುಗಿಸಿದ ಕಡೆಗೇ ಸೈಕಲ್ಲೂ ವಾಲುತ್ತಿತ್ತು. ಖಾಲಿ ಮೈದಾನದಲ್ಲಿ ಒಂದು ಗೆರೆ ಎಳೆದು ಅದರ ಮೇಲೆ ತುಳಿಯುತ್ತಾ ಹೋದೆ. ಹಿಂದೆ ನಿಂತ ಮಗಳು ಎಷ್ಟು ಬೆರಳು ತೋರಿಸುತ್ತಿದ್ದಾಳೆ ಅಂತ ತಿರುಗಿ ನೋಡಿ ಹೇಳಬೇಕು, ಗೆರೆ ಬಿಡಬಾರದು. ಮೊದಲ ದಿನ ಗೆರೆ ಎಲ್ಲೋ, ನಾನೆಲ್ಲೋ. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಿದ್ದುದೇ ತೊಂದರೆ. ಮೊಣಕೈ ಸಡಿಲ ಬಿಟ್ಟು, ಗದ್ದ ಭುಜಕ್ಕೆ ತಾಗಿಸುವ ಹಾಗೆ ತಿರುಗಿದರೆ ಸೈಕಲ್ ನೆಟ್ಟಗೆ ಹೋಗುತ್ತದೆ. ನಾಲ್ಕೈದು ದಿನದಲ್ಲಿ ರೂಢಿಯಾಯಿತು. ಈಗ ತಿರುಗಿ ನೋಡಿ, ಕೈ ತೋರಿಸಿ, ಇನ್ನೊಮ್ಮೆ ನೋಡಿಯೇ ಸರಿಯುತ್ತೇನೆ.

ಲಾರಿ, ಬಸ್ಸುಗಳ ಹತ್ತಿರ ಮಾತ್ರ ನಾನು ಪುಕ್ಕಲು. ತಿರುವಿನಲ್ಲಿ ಅವುಗಳ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಬರುವುದಿಲ್ಲ, ಮೂಲೆಯನ್ನು ಕತ್ತರಿಸಿಕೊಂಡು ಒಳಗೆ ಬರುತ್ತದೆ. ಪಕ್ಕದಲ್ಲಿದ್ದ ಸಂದಿ ನೋಡನೋಡುತ್ತಲೇ ಮುಚ್ಚಿಹೋಗುತ್ತದೆ. ಕನ್ನಡಿಯಲ್ಲಿ ಡ್ರೈವರ್ ಮುಖ ನನಗೆ ಕಾಣದಿದ್ದರೆ ನಾನೂ ಅವರಿಗೆ ಕಾಣುತ್ತಿಲ್ಲ. ಸಿಗ್ನಲ್‌ನಲ್ಲಿ ಪಕ್ಕ ಎಷ್ಟೇ ಖಾಲಿ ಇರಲಿ, ಹೊಗೆ ಕುಡಿದಾದರೂ ಹಿಂದೆಯೇ ನಿಲ್ಲುತ್ತೇನೆ. ಅಡ್ಡರಸ್ತೆಯಿಂದ ಕಾರು ಮೂತಿ ಚಾಚಿದರೆ ಡ್ರೈವರ್ ಮುಖಕ್ಕಿಂತ ಮುಂದಿನ ಚಕ್ರದ ಮೇಲೆ ಕಣ್ಣಿಡುತ್ತೇನೆ. ಗಾಡಿ ಕದಲಿದ್ದು ಮೊದಲು ಗೊತ್ತಾಗುವುದು ಅಲ್ಲೇ.

ಮಳೆಯಲ್ಲಿ ರಸ್ತೆಗೆ ಬಳಿದ ಬಣ್ಣ, ಕಬ್ಬಿಣದ ಮುಚ್ಚಳ ಎರಡೂ ಜಾರುತ್ತವೆ. ನನ್ನದು ರಿಮ್ ಹಿಡಿಯುವ ಬ್ರೇಕ್, ಒದ್ದೆಯಾದರೆ ತಡವಾಗಿ ಹಿಡಿಯುತ್ತದೆ. ಹಾಗಾಗಿ ಮೊದಲೇ ಮೆಲ್ಲಗೆ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳುತ್ತೇನೆ. ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇದ್ದೇ ಇರುತ್ತವೆ.

ಇನ್ನೊಂದು ಅಭ್ಯಾಸವೂ ಬಂದಿದೆ. ಕಾರಿನಲ್ಲಿ ಕೂತಾಗ ಬಾಗಿಲಿಗೆ ದೂರದ ಕೈಯನ್ನೇ ಚಾಚುತ್ತೇನೆ. ಆಗ ಮೈ ತಾನಾಗಿಯೇ ತಿರುಗಿ ಹಿಂದೆ ನೋಡುವ ಹಾಗಾಗುತ್ತದೆ. ಮಗಳಿಗೂ ಹೇಳಿಕೊಟ್ಟಿದ್ದೇನೆ. ಅವಳು ಇನ್ನೂ ಒಮ್ಮೊಮ್ಮೆ ಮರೆಯುತ್ತಾಳೆ.